ರಣಜಿ ಸಂಭಾವನೆ: 60 ಸಾವಿರ ಪಂದ್ಯಕ್ಕಲ್ಲ, ದಿನಕ್ಕೆ
ರಣಜಿ ಟ್ರೋಫಿಯಲ್ಲಿ ಆಡುವ ಎಲ್ಲರಿಗೂ ಪಂದ್ಯವೊಂದಕ್ಕೆ 60 ಸಾವಿರ ರೂಪಾಯಿ ಸಿಗುತ್ತದೆ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಅದರಲ್ಲಿ ಎರಡು ತಪ್ಪುಗಳಿವೆ. ಬಿಸಿಸಿಐ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಪರಿಷ್ಕೃತ ದರದಂತೆ ಈ ಮೊತ್ತ ದಿನವೊಂದರದ್ದು. ಅದೂ 40ಕ್ಕಿಂತ ಹೆಚ್ಚು ಪಂದ್ಯ ಆಡಿದ ಹಿರಿಯ ಪುರುಷ ಆಟಗಾರರಿಗೆ ಮಾತ್ರ. 21ರಿಂದ 40 ಪಂದ್ಯ ಆಡಿದವರಿಗೆ 50 ಸಾವಿರ, 20ರವರೆಗೆ ಆಡಿದವರಿಗೆ 40 ಸಾವಿರ. ಹನ್ನೊಂದರ ಬಳಗದಿಂದ ಹೊರಗುಳಿದ ಕಾಯ್ದಿರಿಸಿದ ಆಟಗಾರರಿಗೆ ಇದರ ಅರ್ಧ. ಹೀಗಾಗಿ ನಾಲ್ಕು ದಿನಗಳ ಲೀಗ್ ಪಂದ್ಯವೊಂದರಲ್ಲಿ ಕಣಕ್ಕಿಳಿಯುವ ಹೊಸಬನ ಲೆಕ್ಕ 1.60 ಲಕ್ಷವಾದರೆ, ಬೆಂಚಿನಲ್ಲಿ ಕುಳಿತು ಪಾನೀಯ ಹೊತ್ತೊಯ್ಯುವ ಅವನ ಓರಗೆಯವನದ್ದು 80 ಸಾವಿರ. ಐಪಿಎಲ್ ಹಣ ಇದಕ್ಕೆ ಸಂಬಂಧಿಸಿದ್ದಲ್ಲ. ಅದು ಫ್ರಾಂಚೈಸಿಯೊಂದಿಗಿನ ಪ್ರತ್ಯೇಕ ಒಪ್ಪಂದ, ಮತ್ತು ಬಹುಪಾಲು ರಣಜಿ ಆಟಗಾರರಿಗೆ ಅಂಥದ್ದೊಂದು ಇಲ್ಲವೇ ಇಲ್ಲ.