ಥ್ಯಾಂಕ್ಯೂ ಅಂತ ಯಾಕೆ ಹೇಳಿ ಬಂದೆ?

ನಿನ್ನೆಯಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಬೆಂಗಳೂರಿನ ಇಂಗ್ಲೆಂಡ್ ವೀಸಾ ಅರ್ಜಿ ಕೇಂದ್ರದ ಆ ಹುಡುಗಿಗೆ ನನ್ನ ಮೇಲೆ ಹಗೆಯೇನೂ ಇಲ್ಲ, ನನಗೂ ಗೊತ್ತು. ಗಾಜಿನ ಆಚೆ ಕೂತು ಸಂಬಳಕ್ಕೆ ಕೆಲಸ ಮಾಡುವವಳು. ಆದರೂ ಅವಳು ಹೇಳಿದ ಮಾತು ನನ್ನನ್ನು ಬಿಡುತ್ತಿಲ್ಲ. ಮೆಜೆಸ್ಟಿಕ್‌ನಿಂದ ಹಾಸನದ ತನಕ ಬಸ್ಸಿನಲ್ಲಿ ಅದೇ. ಮಗಳನ್ನು ಮಲಗಿಸಿದ ಮೇಲೂ ಅದೇ.

ನನ್ನ ಗಂಡ ಇರುವುದು ಇಂಗ್ಲೆಂಡಿನಲ್ಲಿ, ನಾನು ಅಲ್ಲಿಗೆ ಹೋಗಲು ಹಾಕಿದ ಅರ್ಜಿಗೆ 12 ವಾರ ಅಂದಿದ್ದರು. ಇಂಗ್ಲೆಂಡಿನ ಗಂಡ-ಹೆಂಡತಿ ವೀಸಾಗೆ ಸಾಮಾನ್ಯವಾಗಿ 12 ವಾರ. 2022ರಲ್ಲಿ ಯುಕ್ರೇನ್ ಅರ್ಜಿಗಳ ಒತ್ತಡ ಅಂತ ಅದನ್ನೇ 24 ವಾರ ಮಾಡಿದ್ದರು, ಆಮೇಲೆ ಮತ್ತೆ ಇಳಿಸಿದರು. ಸರಿ, ನಾವೂ 12 ಅಂತಲೇ ನಂಬಿಕೊಂಡು ಕೂತೆವು. ಅದು ಮುಗಿದು ಎಷ್ಟೋ ದಿನ ಆಯಿತು. ಮಧ್ಯೆ ಬಂದಿದ್ದು ಒಂದು ಇಮೇಲ್. ನಿಮ್ಮ ಅರ್ಜಿ ಸರಳವಾಗಿಲ್ಲ, ಹೇಳಿದ ಸಮಯದಲ್ಲಿ ತೀರ್ಮಾನ ಆಗುವುದಿಲ್ಲ ಅಂತ. ಯಾವುದು ಸರಳವಾಗಿಲ್ಲ? ಹೇಳಿಲ್ಲ. ಯಾವ ಕಾಗದ ಕಡಿಮೆ ಬಿದ್ದಿದೆ? ಹೇಳಿಲ್ಲ. ಹಾಗಾದರೆ ಯಾವಾಗ? ಅದೂ ಇಲ್ಲ. ವಿಚಾರಿಸಬೇಕು ಅಂದರೆ ದುಡ್ಡು ಕಟ್ಟಿ ಇಮೇಲ್ ಕಳಿಸಬೇಕು. ನಾನು 2.74 ಪೌಂಡ್ ಕಟ್ಟಿ ಕೇಳಿದೆ. ಬಂದ ಉತ್ತರ: ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಅದು ನನಗೆ ಮೊದಲೇ ಗೊತ್ತಿತ್ತಲ್ಲ!

ಅದಕ್ಕೇ ಬೆಂಗಳೂರಿಗೆ ಹೋಗಿದ್ದು. ಹೋಗಿ ಉಪಯೋಗ ಇಲ್ಲ ಅಂತ ಇವರು ಫೋನಿನಲ್ಲಿ ಹೇಳಿದ್ದರು. ಆದರೂ ಒಬ್ಬ ಮನುಷ್ಯನ ಮುಖ ನೋಡಿ ಕೇಳೋಣ ಅನ್ನಿಸಿತು. ಅಷ್ಟೇ ಬೇಕಾಗಿತ್ತು ನನಗೆ, ಒಂದು ಮುಖ.

ಅರ್ಜಿ ಕೇಂದ್ರದ ಬಾಗಿಲಲ್ಲೇ ಸೆಕ್ಯೂರಿಟಿಯವರು ತಡೆದರು. ಅಪಾಯಿಂಟ್‌ಮೆಂಟ್ ಲೆಟರ್ ತೋರಿಸಿ. ಇಲ್ಲ. ಹಾಗಾದರೆ ಆಚೆ ನಿಲ್ಲಿ. ಮಗಳು ಸೊಂಟದ ಮೇಲೆ, ಭುಜಕ್ಕೆ ಫೈಲಿನ ಬ್ಯಾಗು, ಬಿಸಿಲು. ಅವಳು ಅಳಲು ಶುರು ಮಾಡಿದ ಮೇಲೆ ಅವರಿಗೇ ಕನಿಕರ ಬಂದು "ಐದು ನಿಮಿಷದಲ್ಲಿ ಬಂದುಬಿಡಮ್ಮ" ಅಂತ ಬಿಟ್ಟರು. ಇಡೀ ದಿನದಲ್ಲಿ ಮನುಷ್ಯರ ಹಾಗೆ ಮಾತಾಡಿಸಿದ್ದು ಅವರೊಬ್ಬರೇ.

ಕೌಂಟರಿನಲ್ಲಿ ಜಿಡಬ್ಲ್ಯೂಎಫ್ ನಂಬರ್, ಅಂದರೆ ನನ್ನ ಅರ್ಜಿಯ ನಂಬರ್ ಕೇಳಿದಳು. ಬಾಯಿಪಾಠ ಇದೆ, ಹೇಳಿದೆ. "ಮೇಡಂ, ನಮ್ಮ ಕೆಲಸ ಬೆರಳಚ್ಚು ತಗೊಂಡು, ಕಾಗದ ಸ್ಕ್ಯಾನ್ ಮಾಡಿ ಕಳಿಸೋದಷ್ಟೇ. ತೀರ್ಮಾನ ಅಲ್ಲಿಂದಲೇ ಬರಬೇಕು." ಗೊತ್ತು, ಎಲ್ಲಿ ನಿಂತಿದೆ ಅಂತಾದರೂ ಹೇಳಿ ಅಂದೆ. ಅವಳು ನನ್ನನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಕೇಳಿದಳು, ಸ್ಪಾನ್ಸರ್ ಯಾರು, ಅಂದರೆ ಅಲ್ಲಿಂದ ಕರೆಸಿಕೊಳ್ಳುವವರು ಯಾರು ಅಂತ. ನನ್ನ ಗಂಡ ಅಂದೆ. "ಅವರೇ ಅಲ್ಲಿಂದ ವಾಪಸ್ ತಗೊಂಡಿರಬಹುದಾ ಮೇಡಂ? ಕೆಲವು ಕೇಸಲ್ಲಿ ಹಂಗೂ ಆಗುತ್ತೆ. ಒಂದ್ಸಲ ಅವರನ್ನೇ ಕೇಳಿ ನೋಡಿ."

ಗಾಜು ಇದೆಯಲ್ಲ, ಅದಕ್ಕೆ ಅವರು ಗಟ್ಟಿಯಾಗಿಯೇ ಮಾತಾಡೋದು. ಹಿಂದೆ ಓದಲು ಹೋಗುವ ಇಬ್ಬರು ಹುಡುಗರು ಫೈಲ್ ಹಿಡಿದು ನಿಂತಿದ್ದರು. ಪಕ್ಕದ ಕುರ್ಚಿಯಲ್ಲಿ ವಯಸ್ಸಾದ ಗಂಡ ಹೆಂಡತಿ, ಮಗನ ಮನೆಗೆ ಹೊರಟವರು ಇರಬೇಕು. ಆ ಅಮ್ಮ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ನನ್ನ ಕೊರಳ ತಾಳಿ ನೋಡಿದರು, ಆಮೇಲೆ ಮಗುವನ್ನು ನೋಡಿದರು, ಆಮೇಲೆ ತಮ್ಮ ಯಜಮಾನರ ಕಡೆ ತಿರುಗಿದರು. ಏನೂ ಮಾತಾಡಲಿಲ್ಲ. ಮಾತಾಡಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಮತ್ತೆ ನಾನು ಏನಂದೆ ಗೊತ್ತಾ? "ಸರಿ, ಕೇಳ್ತೀನಿ, ಥ್ಯಾಂಕ್ಯೂ" ಅಂದೆ.

ಥ್ಯಾಂಕ್ಯೂ! ಯಾವುದಕ್ಕೆ? ನನ್ನ ಗಂಡ ನನ್ನನ್ನು ಬಿಟ್ಟಿರಬಹುದು ಅಂತ ಜನರ ಮುಂದೆ ಹೇಳಿದ್ದಕ್ಕಾ? ಇಡೀ ದಾರಿ ಹೇಳಬೇಕಾಗಿದ್ದ ಮಾತುಗಳೆಲ್ಲ ಬಾಯಿಗೆ ಬಂದವು. ನಿನಗೆ ಹಾಗೆ ಕೇಳುವ ಹಕ್ಕು ಯಾರು ಕೊಟ್ಟರು? ನಿನ್ನ ಕಂಪ್ಯೂಟರಿನಲ್ಲಿ ಹಾಗಂತ ಬರೆದಿದೆಯಾ? ಬರೆದಿದ್ದರೆ ತೋರಿಸು. ಬರೆದಿಲ್ಲ ಅಂದರೆ ಯಾಕೆ ಹೇಳಿದೆ? ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ನಾನು ಒಳಗೊಳಗೇ ಅವಳ ಮ್ಯಾನೇಜರನ್ನೂ ಕರೆಸಿ ಬೈದಿದ್ದೆ. ಅಲ್ಲಿ ಮಾತ್ರ ಬಾಯಿ ಬರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಸ್ಸಿನಲ್ಲಿ ಕೂತು ಇವರಿಗೆ ಮೆಸೇಜ್ ಟೈಪ್ ಮಾಡಿದೆ. "ರೀ, ಒಂದು ಮಾತು ಕೇಳ್ಲಾ" ಅಂತ. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಕೇಳಲಿಲ್ಲ. ಆದರೆ ಕೇಳುವ ಯೋಚನೆ ಬಂತಲ್ಲ. ಪ್ರತಿದಿನ ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲಿ ಮಗಳ ಜೊತೆ ಮಾತಾಡಿಯೇ ಮಲಗುವ ಮನುಷ್ಯನ ಮೇಲೆ ಒಂದು ಕ್ಷಣವಾದರೂ ಅನುಮಾನ ಬಂತಲ್ಲ. ಇದಕ್ಕೆ ನಾನು ಯಾರನ್ನೂ ಕ್ಷಮಿಸುವುದಿಲ್ಲ. ವೀಸಾ ತಡ ಆದರೆ ಟಿಕೆಟ್ ತಡ ಆಗುತ್ತದೆ ಅಷ್ಟೇ ಅಂತ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಮನೆಯೊಳಗೆ ಬಂದು ಕೂರುತ್ತದೆ.

ನಮ್ಮ ಮದುವೆ ನಿಜ ಅಂತ ನಾವು ಏನೇನು ಕೊಟ್ಟಿಲ್ಲ? ಮದುವೆ ಸರ್ಟಿಫಿಕೇಟ್ ಸಾಲದು. ಫೋಟೋ ಬೇಕು, ಕರೆಗಳ ಪಟ್ಟಿ ಬೇಕು, ಚಾಟ್ ಬೇಕು, ಜೊತೆಗೆ ಓಡಾಡಿದ ಟಿಕೆಟ್ ಬೇಕು, ದುಡ್ಡು ಕಳಿಸಿದ ಬ್ಯಾಂಕ್ ಲೆಕ್ಕ ಬೇಕು. ಹಾಸನದಲ್ಲಿ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ತಗೊಂಡು ಹೋದೆ. ಪ್ರಿಂಟ್ ಕೊಡುವ ಮೊದಲು ಆ ಹುಡುಗ ಒಂದೊಂದೇ ಪುಟ ತೆರೆದು ಸ್ಕ್ರೀನಿನಲ್ಲಿ ನೋಡಬೇಕಲ್ಲ. ನೋಡಿದ. ನಾನು ಹೊಟ್ಟೆಯಲ್ಲಿ ಮಗು ಇದ್ದಾಗ ವಾಂತಿ ನಿಲ್ಲುತ್ತಿಲ್ಲ ಅಂತ ಇವರಿಗೆ ಬರೆದದ್ದು. ಇವರು ಒಬ್ಬನೇ ಇರಲು ಆಗುತ್ತಿಲ್ಲ ಅಂತ ಬರೆದದ್ದು. ನಾವು ಜಗಳ ಆಡಿದ್ದು. ಅವನು ಪಾಪ ತಲೆ ತಗ್ಗಿಸಿ "ಅಕ್ಕ, ಎರಡೂ ಕಡೆ ಪ್ರಿಂಟಾ?" ಅಂದ. ಕನ್ನಡದಲ್ಲಿ ಇದ್ದದ್ದನ್ನೆಲ್ಲ ದುಡ್ಡು ಕೊಟ್ಟು ಅನುವಾದ ಮಾಡಿಸಿ ಸಹಿ ಹಾಕಿಸಿದ್ದೂ ಆಯಿತು. ಇಷ್ಟೆಲ್ಲ ಓದಿದ ಮೇಲೂ ನಾವು ಗಂಡ ಹೆಂಡತಿ ಹೌದೋ ಅಲ್ಲವೋ ಅಂತ ಅವರಿಗೆ ಗೊತ್ತಾಗಲಿಲ್ಲವಾ?

ಅಥವಾ ಇನ್ನೂ ಓದಿಯೇ ಇಲ್ಲವಾ? ಅದಾದರೂ ಹೇಳಲಿ.

ದುಡ್ಡಿನ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯುತ್ತೇನೆ. ನಮ್ಮ ಮದುವೆ ಆದಾಗ, ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಲು ಅಲ್ಲಿರುವವರು ವರ್ಷಕ್ಕೆ 18,600 ಪೌಂಡ್ ದುಡಿದರೆ ಸಾಕಾಗಿತ್ತು. 2012ರಿಂದ ಅದೇ ಇತ್ತು. 2024ರ ಏಪ್ರಿಲ್ 11ರಿಂದ ಒಂದೇ ಏಟಿಗೆ 29,000. ಇವರದು ಮಧ್ಯದಲ್ಲಿ ಎಲ್ಲೋ ಇತ್ತು. ಅದಕ್ಕಾಗಿ ಇದ್ದ ಒಳ್ಳೆಯ ಹಗಲು ಕೆಲಸ ಬಿಟ್ಟು ಲೆಸ್ಟರ್‌ನಲ್ಲಿ ಒಂದು ಗೋದಾಮಿನ ರಾತ್ರಿ ಪಾಳಿ ಹಿಡಿದರು, ಅಲ್ಲಿ ಸಂಬಳ ಸ್ವಲ್ಪ ಜಾಸ್ತಿ. ಹೊಸ ಕೆಲಸದ ಆರು ತಿಂಗಳ ಪೇಸ್ಲಿಪ್ ಸೇರುವ ತನಕ ಕಾದೆವು, ಆಮೇಲೆ ಅರ್ಜಿ. ನಾನು ಇಲ್ಲಿ ಪಿಯು ಕಾಲೇಜಿನಲ್ಲಿ ದುಡಿಯುವುದು ಲೆಕ್ಕಕ್ಕೇ ಇಲ್ಲ. ನನ್ನ ಸಂಬಳ ಸಂಬಳವೇ ಅಲ್ಲ ಅಲ್ಲಿಗೆ. ಅರ್ಜಿಗೆ 1,938 ಪೌಂಡ್ ಕಟ್ಟಿದೆವು. ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 1,035ರಂತೆ ಮೂರು ವರ್ಷಕ್ಕೆ 3,105. ಎರಡೂ ಸೇರಿ ಐದೂವರೆ ಲಕ್ಷ ರೂಪಾಯಿಗೂ ಮೇಲೆ, ಅದೂ ಮೊದಲೇ. ತಿರಸ್ಕಾರ ಆದರೆ ಸರ್‌ಚಾರ್ಜ್ ವಾಪಸ್ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ. ಅಷ್ಟು ದುಡ್ಡು ಇಸಿದುಕೊಂಡವರು ಒಂದು ಸಾಲು ಸರಿಯಾಗಿ ಬರೆಯಬಾರದಾ?

ಇಂಗ್ಲಿಷ್ ಪರೀಕ್ಷೆ ಬಗ್ಗೆ ಹೇಳಿಬಿಡುತ್ತೇನೆ. ನಾನು ಇಂಗ್ಲಿಷ್ ಎಂಎ. ಮಕ್ಕಳಿಗೆ ಪಾಠ ಮಾಡುವುದೂ ಅದನ್ನೇ. ಓದಿದ್ದು ಇಂಗ್ಲಿಷಿನಲ್ಲೇ ಅಂತ ಅಲ್ಲಿನ ಸಂಸ್ಥೆಯಿಂದ ಪತ್ರ ತರಿಸಬೇಕು, ಇಲ್ಲ ಅಂದರೆ ಎ1 ಅನ್ನುವ ಅತಿ ಕೆಳಗಿನ ಮಟ್ಟದ ಪರೀಕ್ಷೆಗೆ ಕೂರಬೇಕು. ಪರೀಕ್ಷೆ ಬೇಗ ಆಗುತ್ತದೆ ಅಂತ ಕೂತೆ. ಇನ್ನೊಬ್ಬರ ಜೊತೆ ಕೂರಿಸಿ ಮಾತಾಡಿಸುತ್ತಾರೆ. ನಿಮಗೆ ಯಾವ ಊಟ ಇಷ್ಟ, ರಜೆಯಲ್ಲಿ ಏನು ಮಾಡುತ್ತೀರಿ. ಹೇಳಿದೆ, ಪಾಸಾದೆ. ಟಿಬಿ ಎಕ್ಸ್‌ರೇ ಮಾಡಿಸಿದೆ. ಎಲ್ಲವನ್ನೂ ಹೇಳಿದ ಹಾಗೆ, ಹೇಳಿದ ಅಳತೆಯಲ್ಲಿ, ಹೇಳಿದ ಬಣ್ಣದ ಹಿನ್ನೆಲೆಯಲ್ಲಿ ಮಾಡಿದ್ದೇನೆ. ಇನ್ನೂ ಯಾವುದು ಸರಳವಾಗಿಲ್ಲ?

ಬಿಡಿ. ಅವರ ದೇಶ, ಅವರ ನಿಯಮ. ಯಾರನ್ನು ಒಳಗೆ ಬಿಡಬೇಕು ಅನ್ನುವುದು ಅವರ ಇಷ್ಟ, ನಾವೇನು ಜಗಳ ಆಡಲು ಆಗುತ್ತಾ. ಅಮ್ಮನೂ ಇದನ್ನೇ ಹೇಳಿದರು ರಾತ್ರಿ, "ಬರೋದು ಬಂದೇ ಬರುತ್ತೆ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂತ. ನಾನೂ ಹೂಂ ಅಂದೆ. ನಿಜ, ನನಗಿಂತ ಕಷ್ಟದಲ್ಲಿ ಇರುವವರು ಇದ್ದಾರೆ.

ಆದರೆ ಯಾಕೆ ಸುಮ್ಮನಿರಬೇಕು? ನನ್ನ ಮಗಳು ಅಲ್ಲಿನ ಪ್ರಜೆ. ಅವಳ ಅಪ್ಪ ಅಲ್ಲಿನ ಪ್ರಜೆ ಆದ ಮೇಲೆ ಹುಟ್ಟಿದವಳು, ಹಾಸನದ ಆಸ್ಪತ್ರೆಯಲ್ಲಿ ಹುಟ್ಟಿದರೂ ಹುಟ್ಟಿನಿಂದಲೇ ಆ ಹಕ್ಕು ಅವಳಿಗಿದೆ. ಅವಳು ಬರಬಹುದಂತೆ. ಇನ್ನೂ ಎದೆಹಾಲು ಬಿಡದ ಮಗು ಬರಬಹುದು, ಹಾಲು ಕೊಡುವವಳು ಕಾಯಬೇಕು. ಇದನ್ನು ಬರೆದವರು ಯಾರು, ಅವರ ಮನೆಯಲ್ಲಿ ಮಕ್ಕಳಿಲ್ಲವಾ? ಯಾರಾದರೂ ಉತ್ತರ ಕೊಡಿ. ನಿಜವಾಗಿ ಕೇಳುತ್ತಿದ್ದೇನೆ. ಅಧಿಕಾರಿಯೇ ಆಗಬೇಕಿಲ್ಲ, ಆ ಕಡತದ ಮೇಲೆ ಧೂಳು ಒರೆಸುವವರಾದರೂ ಸರಿ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಬದಲಾಯಿಸಿಕೋ ಅಂತ ಸಲಹೆ ಕೊಡುವವರಿಗೆ ಒಂದು ಮಾತು. ಆಗುವುದಿಲ್ಲ. ಪ್ರವಾಸಿಯಾಗಿ ಒಳಗೆ ಹೋದವರು ಅಲ್ಲಿದ್ದುಕೊಂಡೇ ಗಂಡ-ಹೆಂಡತಿ ವೀಸಾಗೆ ಬದಲಾಗಲು ನಿಯಮ ಬಿಡುವುದಿಲ್ಲ. ಪ್ರತಿ ಮದುವೆ ಮನೆಯಲ್ಲೂ, ಪ್ರತಿ ನಾಮಕರಣದಲ್ಲೂ ಇದನ್ನು ಹೇಳಿ ಹೇಳಿ ಸಾಕಾಗಿದೆ. "ಇನ್ನೂ ಇಲ್ಲೇ ಇದ್ದೀಯಾ?" ಅನ್ನುವವರು ಕೆಟ್ಟವರಲ್ಲ, ಆದರೆ ಅವರ ಕಣ್ಣಲ್ಲೂ ನಿನ್ನೆ ಆ ಅಮ್ಮನ ಕಣ್ಣಲ್ಲಿ ಇದ್ದದ್ದೇ ಇರುತ್ತದೆ. ಅತ್ತೆಯೂ ಮೊನ್ನೆ ಫೋನಿನಲ್ಲಿ ಮೆಲ್ಲಗೆ, ನೀವಿಬ್ಬರೂ ಚೆನ್ನಾಗಿದ್ದೀರಿ ತಾನೇ ಅಂತ ಕೇಳಿದರು. ಅವರ ಮಗನ ಬಗ್ಗೆ ಅವರಿಗೇ ಕೇಳಬೇಕು ಅನ್ನಿಸಿದೆ.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಮುಂದಿನ ವರ್ಷಕ್ಕೆ ಇರ್ತೀರಾ ಇಲ್ವಾ ಹೇಳಿಬಿಡಿ ಮೇಡಂ ಅಂದಿದ್ದಾರೆ. ಅವರ ತಪ್ಪೇನಿಲ್ಲ, ಅವರೂ ಟೈಮ್‌ಟೇಬಲ್ ಹಾಕಬೇಕು. ಇರ್ತೀನಿ ಅಂದು ಮಧ್ಯದಲ್ಲಿ ಬಿಟ್ಟರೆ ಮಕ್ಕಳಿಗೆ ಅನ್ಯಾಯ. ಇರಲ್ಲ ಅಂದರೆ ಕೈಯಲ್ಲಿ ಸಂಬಳ ಇಲ್ಲ. ಮನೆ ಓನರ್ ಹತ್ತಿರವೂ ಅದೇ ಮಾತು, ಮಗಳ ಲಸಿಕೆ ಕಾರ್ಡು ಇಲ್ಲಿ ಮುಂದುವರಿಸಬೇಕಾ ಅನ್ನುವುದರಲ್ಲೂ ಅದೇ. ಯಾವುದಕ್ಕೂ ಹೌದು ಅನ್ನಲು ಬರುವುದಿಲ್ಲ, ಇಲ್ಲ ಅನ್ನಲೂ ಬರುವುದಿಲ್ಲ. ತಿರಸ್ಕಾರ ಅಂತಲಾದರೂ ಬರೆದು ಕಳಿಸಲಿ, ಮೇಲ್ಮನವಿ ಹಾಕುತ್ತೇವೆ ಅಂತ ಒಂದೊಂದು ಸಲ ಅನ್ನಿಸುತ್ತದೆ. ಮರುಕ್ಷಣ, ಅಯ್ಯೋ ಬಾಯಲ್ಲಿ ಅದು ಬರಬಾರದು ಅಂತ ದೇವರಿಗೆ ಕೈ ಮುಗಿಯುತ್ತೇನೆ.

ರಾತ್ರಿ ಇವರಿಗೆ ಕೌಂಟರಿನ ಮಾತು ಹೇಳಿದೆ. ಮೆಸೇಜ್ ಅಳಿಸಿದ್ದನ್ನೂ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ, ಹಿಂದೆ ಗೋದಾಮಿನ ಗಾಡಿಯ ಬೀಪ್ ಬೀಪ್ ಶಬ್ದ ಮಾತ್ರ. ಆಮೇಲೆ "ನನಗೂ ಅನ್ನಿಸುತ್ತೆ, ನಿನಗೇ ಬರೋಕೆ ಇಷ್ಟ ಇಲ್ವೇನೋ ಅಂತ, ಎಲ್ರೂ ಹಂಗೇ ಕೇಳ್ತಾರೆ ಇಲ್ಲಿ" ಅಂದರು. ಅಲ್ಲಿಯೂ ಕೇಳುತ್ತಾರೆ! ಇಬ್ಬರಿಗೂ ಒಂದೇ ವಿಷ ಉಣ್ಣಿಸುತ್ತಿದ್ದಾರೆ ಈ ಜನ, ಮತ್ತೆ ಅದಕ್ಕೆ ಪರಿಶೀಲನೆ ಅಂತ ಹೆಸರು.

ಇವರು ತಮ್ಮ ಊರಿನ ಎಂಪಿ ಕಚೇರಿಗೆ ಇವತ್ತು ಪತ್ರ ಬರೆದಿದ್ದಾರೆ. ಅಲ್ಲಿ ಎಂಪಿ ಕಚೇರಿಯಿಂದ ವಿಚಾರಿಸಿದರೆ ಉತ್ತರವಾದರೂ ಕೊಡುತ್ತಾರಂತೆ. ಏನು ಬಂತು ಅಂತ ನಾನು ಇಲ್ಲೇ ಬರೆಯುತ್ತೇನೆ. "ಸರಳವಾಗಿಲ್ಲ" ಅನ್ನುವ ಇಮೇಲ್ ನಿಮಗೂ ಬಂದಿದ್ದರೆ, ದಯವಿಟ್ಟು ಯಾವ ತಿಂಗಳು ಅರ್ಜಿ ಹಾಕಿದಿರಿ, ಅದಾದ ಮೇಲೆ ಎಷ್ಟು ದಿನಕ್ಕೆ ತೀರ್ಮಾನ ಬಂತು, ಎಂಪಿ ಪತ್ರದಿಂದ ಉಪಯೋಗ ಆಯಿತಾ, ಇಷ್ಟು ಬರೆಯಿರಿ. ಸಮಾಧಾನದ ಮಾತು ಬೇಡ. ತಾರೀಖು ಬೇಕು.