ಹುಲ್ಲು ತಡವಾಗಿ ಕೊಯ್ದವನಿಗೆ ಸರ್ಕಾರ ದುಡ್ಡು ಕೊಡಬೇಕೇ?

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳಲ್ಲೂ ಐರ್ಲೆಂಡಿನಲ್ಲೂ ಮೂರು ದಶಕಗಳಿಂದ ಒಂದು ವ್ಯವಹಾರ ನಡೆಯುತ್ತಿದೆ. ರೈತ ಹುಲ್ಲು ತಡವಾಗಿ ಕೊಯ್ದರೆ, ಕುರಿ ಕಡಿಮೆ ಮಾಡಿದರೆ, ಹೊಲವನ್ನು ಹಳೆಯ ಪದ್ಧತಿಯಲ್ಲೇ ಉತ್ತರೆ ಸರ್ಕಾರ ಅವನ ಖಾತೆಗೆ ಹಣ ಹಾಕುತ್ತದೆ. ಈ ಸಬ್ಸಿಡಿಯಿಂದ ಅಲ್ಲಿನ ಹಕ್ಕಿಗಳಿಗೆ, ನೆಲಕ್ಕೆ ಒಳ್ಳೆಯದಾಗಿದೆಯೇ?

ಪರ: ಇದು ದಾನವಲ್ಲ, ಕೂಲಿ

ಕಾರ್ನ್‌ಕ್ರೇಕ್ ಹಕ್ಕಿಯನ್ನು ಕಂಡವರಿಗಿಂತ ಅದರ ದನಿ ಕೇಳಿದವರೇ ಹೆಚ್ಚು. ನಮ್ಮ ಹುಂಡುಕೋಳಿಯ ಬಳಗದ್ದು. ಆಫ್ರಿಕಾದಲ್ಲಿ ಚಳಿಗಾಲ ಕಳೆದು ಏಪ್ರಿಲ್ ಕೊನೆಯ ಹೊತ್ತಿಗೆ ದ್ವೀಪಗಳಿಗೆ ಬರುತ್ತದೆ. ಎತ್ತರದ ಹುಲ್ಲಿನೊಳಗೆ ಅಡಗಿ ಕೂತ ಗಂಡು ರಾತ್ರಿಯಿಡೀ ‘ಕ್ರೆಕ್ಸ್ ಕ್ರೆಕ್ಸ್’ ಎಂದು ಕೆರೆದಂತೆ ಕೂಗುತ್ತದೆ. ಗೂಡು ನೆಲದ ಮೇಲೆಯೇ. ಈ ವರ್ಷ ಬಂದ ಹಕ್ಕಿಗಳಲ್ಲಿ ಹೆಚ್ಚಿನವು ಮರುವರ್ಷ ಮರಳುವುದಿಲ್ಲ. ಹಾಗಾಗಿ ಒಂದೇ ಬೇಸಿಗೆಯಲ್ಲಿ ಎರಡು ಸಲ ಮರಿ ಮಾಡಿದರಷ್ಟೇ ಸಂತತಿ ನಿಲ್ಲುತ್ತದೆ. ಎರಡನೆಯ ಸಲದ ಮರಿಗಳು ತಮ್ಮ ಕಾಲ ಮೇಲೆ ನಿಲ್ಲುವಾಗ ಆಗಸ್ಟ್ ಬಂದಿರುತ್ತದೆ.

ಹಿಂದೆ ಇದು ತೊಡಕಾಗಿರಲಿಲ್ಲ. ಒಣಹುಲ್ಲಿಗಾಗಿ ಜನ ಕೈಯಿಂದ, ತಡವಾಗಿ, ನಿಧಾನವಾಗಿ ಕೊಯ್ಯುತ್ತಿದ್ದರು. ಟ್ರ್ಯಾಕ್ಟರ್ ಬಂತು, ರಸಮೇವು (ಹಸಿ ಹುಲ್ಲನ್ನೇ ಹುದುಗಿಸಿಡುವ ಮೇವು) ಬಂತು, ಜೂನ್‌ನಲ್ಲೇ ಕೊಯ್ಲು ಶುರುವಾಯಿತು. ಯಂತ್ರ ಹೊಲದ ಅಂಚಿನಿಂದ ಸುತ್ತು ಹಾಕುತ್ತಾ ಒಳಗೊಳಗೆ ಬರುತ್ತದೆ. ಬಯಲು ದಾಟಲು ಹೆದರುವ ಮರಿಗಳು ಉಳಿದ ಹುಲ್ಲಿನತ್ತಲೇ ಸರಿಯುತ್ತವೆ. ಕೊನೆಗೆ ಹೊಲದ ನಡುವೆ ಒಂದು ಪಟ್ಟಿ ಹುಲ್ಲು ಉಳಿಯುತ್ತದೆ, ಅದರೊಳಗೆ ಇಡೀ ಹೊಲದ ಮರಿಗಳಿರುತ್ತವೆ. ಮುಂದಿನ ಸುತ್ತಿನಲ್ಲಿ ಅದೂ ಹೋಗುತ್ತದೆ.

ಪರಿಹಾರ ಸರಳ. ಆಗಸ್ಟ್‌ವರೆಗೆ ಕಾಯಬೇಕು, ಕೊಯ್ಯುವಾಗ ನಡುವಿನಿಂದ ಹೊರಕ್ಕೆ ಬರಬೇಕು. ಸರಳವೇನೋ ಹೌದು, ಪುಕ್ಕಟೆಯಲ್ಲ. ಬಲಿತ ಹುಲ್ಲಿನಲ್ಲಿ ಸತ್ವ ಕಡಿಮೆ. ಹೆಬ್ರಿಡೀಸ್‌ನ ಆಗಸ್ಟ್ ಎಂದರೆ ಮಳೆಯ ಜೂಜು. ಮೇವು ಸಾಲದೆ ಹೋದರೆ ಉಳಿದದ್ದನ್ನು ಫೆರಿಯಲ್ಲಿ ತರಿಸಬೇಕು, ಅದರ ಬಾಡಿಗೆ ಬೇರೆ. ನಾಲ್ಕಾರು ಎಕರೆಯ ಕ್ರಾಫ್ಟರ್ ಈ ನಷ್ಟವನ್ನು ತಾನೇ ಹೊರಲಿ ಎನ್ನುವವರು ನಗರದ ಕುರ್ಚಿಯಲ್ಲಿ ಕೂತು ಹಕ್ಕಿ ಪ್ರೇಮಿಗಳಾದವರು. (ಕ್ರಾಫ್ಟರ್ ಎಂದರೆ ಅಲ್ಲಿನ ಸಣ್ಣ ಹಿಡುವಳಿದಾರ, ಬಹುತೇಕ ಗೇಣಿದಾರ.) ಹಕ್ಕಿ ಎಲ್ಲರದು ಎಂದಾದರೆ ಖರ್ಚೂ ಎಲ್ಲರದಾಗಬೇಕು.

ಫಲ ಸಿಕ್ಕಿತೇ? ಸಿಕ್ಕಿತು. 1993ರಲ್ಲಿ ಇಡೀ ಬ್ರಿಟನ್ನಿನಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 480 ಕೂಗುವ ಗಂಡುಗಳು, ಬಹುತೇಕ ಎಲ್ಲವೂ ಈ ದ್ವೀಪಗಳಲ್ಲೇ. ತಡ ಕೊಯ್ಲಿಗೆ ಹಣ ಕೊಡತೊಡಗಿದ ಮೇಲೆ 2014ಕ್ಕೆ ಆ ಸಂಖ್ಯೆ 1,289ಕ್ಕೆ ಏರಿತು. ಅಳಿವಿನ ಅಂಚಿನಿಂದ ಒಂದು ಹಕ್ಕಿ ಹೀಗೆ ಮರಳಿ ಬಂದ ಉದಾಹರಣೆಗಳು ಯುರೋಪಿನ ಕೃಷಿಭೂಮಿಯಲ್ಲಿ ಬೆರಳೆಣಿಕೆಯಷ್ಟು.

ಹಕ್ಕಿಯೊಂದೇ ಅಲ್ಲ. ಹೆಬ್ರಿಡೀಸ್‌ನ ಯುಯಿಸ್ಟ್ ದ್ವೀಪಗಳ ಪಶ್ಚಿಮ ಅಂಚಿನಲ್ಲಿ ಮಾಖರ್ ಎಂಬ ನೆಲವಿದೆ. ಕಡಲು ಪುಡಿ ಮಾಡಿ ದಡಕ್ಕೆ ಎಸೆದ ಚಿಪ್ಪಿನ ಮರಳಿನ ಬಯಲು ಅದು. ಜಗತ್ತಿನಲ್ಲಿ ಇಂಥ ನೆಲ ಇರುವುದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಮಾತ್ರ. ಚಳಿಗಾಲದ ಬಿರುಗಾಳಿ ತಂದು ಹಾಕಿದ ಕಡಲ ಪಾಚಿಯನ್ನು ಹೊಲಕ್ಕೆ ಹರಡಿ, ಮೇಲುಮೇಲೆ ಉತ್ತು, ಊರಿನದೇ ಬಿತ್ತನೆಯ ಸಣ್ಣ ಓಟ್ಸ್, ರೈ, ಬೇರ್ ಎಂಬ ನಾಡ ಬಾರ್ಲಿ ಬೆಳೆಯುತ್ತಾರೆ. ಒಂದೆರಡು ವರ್ಷ ಬೆಳೆ, ಆಮೇಲೆ ಬೀಳು. ಬೀಳುಬಿಟ್ಟ ಪಟ್ಟಿಗಳಲ್ಲಿ ಜುಲೈ ಬಂತೆಂದರೆ ಹೂವು ಹೂವು. ಬೇರೆಡೆ ಅಪರೂಪವಾದ ಹಳದಿ ಹೆದ್ದುಂಬಿ ಅಲ್ಲಿ ಇನ್ನೂ ಹಾರಾಡುತ್ತದೆ, ಟಿಟ್ಟಿಭಗಳು ನೆಲದಲ್ಲಿ ಮೊಟ್ಟೆಯಿಡುತ್ತವೆ. ಈ ಚಂದ ಕಾಡಿನದಲ್ಲ, ದುಡಿಮೆಯದು. ಕ್ರಾಫ್ಟರ್ ಊರು ಬಿಟ್ಟು ಹೋದರೆ ಐದಾರು ವರ್ಷದಲ್ಲಿ ಒರಟು ಹುಲ್ಲು ಎಲ್ಲವನ್ನೂ ಮುಚ್ಚುತ್ತದೆ, ದನವಿಲ್ಲದ ಬಯಲಿನಲ್ಲಿ ಕಾರ್ನ್‌ಕ್ರೇಕ್ ಕೂಡ ನಿಲ್ಲುವುದಿಲ್ಲ. 1988ರಲ್ಲಿ ಸರ್ಕಾರ ಈ ಮಾಖರ್ ಅನ್ನು ಪರಿಸರ ಸೂಕ್ಷ್ಮ ಕೃಷಿ ಪ್ರದೇಶವೆಂದು ಸಾರಿ ಪಾವತಿಗೆ ದಾರಿ ಮಾಡಿದ್ದು ಈ ಕಾರಣಕ್ಕೇ. ರೈತ ನೇಗಿಲು ಹಿಡಿದು ಅಲ್ಲೇ ಇರಬೇಕೆಂದರೆ ಅವನ ಮನೆ ನಡೆಯಬೇಕು.

ವಿರೋಧ: ದುಡ್ಡು ತಾರೀಖು ನೋಡುತ್ತದೆ, ಹಕ್ಕಿಯನ್ನಲ್ಲ

ಕಾರ್ನ್‌ಕ್ರೇಕ್ ಕಥೆಯನ್ನು 2014ಕ್ಕೆ ನಿಲ್ಲಿಸುವುದು ಜಾಣತನ. ಮುಂದೆ ಓದಿದರೆ 2022ರ ಹೊತ್ತಿಗೆ ಆ ಸಂಖ್ಯೆ 850ಕ್ಕಿಂತ ಕೆಳಗೆ. ಯೋಜನೆ ಇತ್ತು, ಹಣವೂ ಇತ್ತು, ಆದರೂ ಏಕೆ ಇಳಿಯಿತು? ಅರ್ಜಿಯ ಸ್ಪರ್ಧೆಯಲ್ಲಿ ಅಂಕ ಗಳಿಸಿದವನಿಗಷ್ಟೇ ಐದು ವರ್ಷದ ಒಪ್ಪಂದ. ಆಗಸ್ಟ್‌ಗೆ ಮೊದಲು ಕೊಯ್ಯಲಿಲ್ಲ ಎಂಬುದು ಸಾಬೀತಾದರೆ ಹಣ ಬರುತ್ತದೆ, ಹೊಲದಲ್ಲಿ ಹಕ್ಕಿ ಮರಿ ಮಾಡಿತೋ ಇಲ್ಲವೋ ಅದು ಬೇರೆ ಮಾತು. ಪಕ್ಕದ ಹೊಲದವನಿಗೆ ಒಪ್ಪಂದ ಸಿಗದಿದ್ದರೆ ಮರಿಗಳು ಬೇಲಿ ದಾಟಿ ಅವನ ಯಂತ್ರಕ್ಕೆ ಸಿಗುತ್ತವೆ. ಹಕ್ಕಿಗೆ ಸರ್ವೆ ನಂಬರ್ ಗೊತ್ತಿಲ್ಲ.

ಮೊದಲ ವಾದ ಐರ್ಲೆಂಡನ್ನು ಹೆಸರಿಗಷ್ಟೇ ಹೇಳಿ ಮುಂದೆ ಹೋಯಿತು. ಅಲ್ಲಿ ನಡೆದದ್ದು ಸಬ್ಸಿಡಿಯ ನಿಜವಾದ ಪಾಠ. 1980ರಿಂದ ಯುರೋಪಿನ ಒಕ್ಕೂಟ ಹೆಣ್ಣು ಕುರಿಯ ತಲೆ ಎಣಿಸಿ ಹಣ ಕೊಡತೊಡಗಿತು. ಹೆಚ್ಚು ಕುರಿ, ಹೆಚ್ಚು ದುಡ್ಡು. ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ಕುರಿಗಳು ಎರಡು ಪಟ್ಟಿಗೂ ಮೀರಿ ಬೆಳೆದವು. ಮೇಯೋ, ಕಾನೆಮಾರಾ ಬೆಟ್ಟಗಳಲ್ಲಿ ಊರವರೆಲ್ಲ ಒಟ್ಟಾಗಿ ಮೇಯಿಸುವ ಗೋಮಾಳದಂಥ ಜಾಗಗಳಿವೆ. ಅಲ್ಲಿನ ಹೆದರ್ ಎಂಬ ಕುರುಚಲು ಗಿಡ ಬೇರುಸಹಿತ ಹೋಯಿತು. ಅದರ ಕೆಳಗಿದ್ದ ಕಪ್ಪು ಪೀಟ್ ಮಣ್ಣು ಮಳೆಗೆ ಕೊಚ್ಚಿ ಸರೋವರ, ಹೊಳೆಗಳಿಗೆ ಇಳಿಯಿತು. ಹೆದರ್ ಚಿಗುರನ್ನೇ ನಂಬಿದ ಕೆಂಪು ಗ್ರೌಸ್ ಹಕ್ಕಿಗೆ ನೆಲೆ ತಪ್ಪಿತು. ಓವನ್‌ಡಫ್-ನೆಫಿನ್ ಬೆಗ್ ಪ್ರದೇಶದಲ್ಲಿ ಆ ಹಕ್ಕಿಯ ನೆಲೆಯನ್ನು ಕಾಯಲಿಲ್ಲವೆಂದು 2002ರಲ್ಲಿ ಯುರೋಪಿನ ನ್ಯಾಯಾಲಯ ಐರ್ಲೆಂಡನ್ನೇ ತಪ್ಪಿತಸ್ಥ ಎಂದಿತು. ತಮಾಷೆ ನೋಡಿ, ಕುರಿ ಸಾಕಿರಿ ಎಂದು ದುಡ್ಡು ಕೊಟ್ಟದ್ದೂ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್, ಬೆಟ್ಟ ಬೋಳಾಯಿತು ಎಂದು ಕೋರ್ಟಿಗೆ ಎಳೆದದ್ದೂ ಬ್ರಸೆಲ್ಸ್! ಮುಂದೆ ಕುರಿ ಇಳಿಸಲು ಮತ್ತೆ ಅದೇ ಖಜಾನೆಯಿಂದ ಪರಿಸರ ಸಬ್ಸಿಡಿ. ಹಾಳು ಮಾಡಲು ಒಮ್ಮೆ, ಸರಿಪಡಿಸಲು ಇನ್ನೊಮ್ಮೆ ಖರ್ಚು ಮಾಡಿ, ಎರಡನೆಯದನ್ನು ಮಾತ್ರ ಸಂರಕ್ಷಣೆಯ ಸಾಧನೆ ಎಂದು ತೋರಿಸುತ್ತಾರೆ.

ಹೆಬ್ರಿಡೀಸ್‌ನಲ್ಲೇ ವಿಸ್ಕಿಗೆ ಹೆಸರಾದ ಐಲಾ ದ್ವೀಪದ್ದು ಇನ್ನೊಂದು ಬಗೆ. ಗ್ರೀನ್‌ಲ್ಯಾಂಡಿನಿಂದ ಬಾರ್ನಕಲ್ ಹೆಬ್ಬಾತುಗಳು ಸಾವಿರಗಟ್ಟಲೆ ಅಲ್ಲಿಗೆ ಚಳಿಗಾಲ ಕಳೆಯಲು ಬರುತ್ತವೆ. ಗೊಬ್ಬರ ಹಾಕಿ ಹೊಸದಾಗಿ ಬಿತ್ತಿದ ಎಳೆ ರೈಗ್ರಾಸ್ ಎಂದರೆ ಅವಕ್ಕೆ ಹಬ್ಬ. ಮೇಯಲು ಬಿಟ್ಟ ರೈತರಿಗೆ 1990ರ ದಶಕದಿಂದ ಪರಿಹಾರ. ಹಕ್ಕಿ ಹೆಚ್ಚಿತು, ನಷ್ಟ ಹೆಚ್ಚಿತು, ಬಜೆಟ್ ಮಾತ್ರ ಅದೇ ವೇಗದಲ್ಲಿ ಹೆಚ್ಚಲಿಲ್ಲ. ಕೊನೆಗೆ 2014ರಲ್ಲಿ ರೂಪಿಸಿದ ಹತ್ತು ವರ್ಷದ ಯೋಜನೆಯಲ್ಲಿ ಅದೇ ಹೆಬ್ಬಾತುಗಳನ್ನು ಗುಂಡು ಹೊಡೆದು ಕಡಿಮೆ ಮಾಡುವ ತೀರ್ಮಾನವಾಯಿತು. ಅವುಗಳ ಜೊತೆಗೇ ಮೇಯುವ ಬಿಳಿ ಹಣೆಯ ಗ್ರೀನ್‌ಲ್ಯಾಂಡ್ ಹೆಬ್ಬಾತು ಕ್ಷೀಣಿಸುತ್ತಿದೆ. ಗುಂಡಿನ ಸದ್ದು ಎರಡಕ್ಕೂ ಒಂದೇ.

ಕೆಲವು ಕಡೆಯಂತೂ ರೋಗ ಒಂದು, ಮದ್ದು ಇನ್ನೊಂದು. ಮೊದಲ ವಾದದಲ್ಲಿ ಮಾಖರ್‌ನ ಟಿಟ್ಟಿಭಗಳ ಮಾತು ಬಂತಲ್ಲ, ಅವುಗಳ ಮೊಟ್ಟೆ ತಿನ್ನುವುದು ಯಾರು? 1974ರಲ್ಲಿ ತೋಟದ ಬಸವನಹುಳುಗಳನ್ನು ತಿನ್ನಲಿ ಎಂದು ಯಾರೋ ದಕ್ಷಿಣ ಯುಯಿಸ್ಟ್‌ಗೆ ತಂದು ಬಿಟ್ಟ ನಾಲ್ಕಾರು ಹೆಡ್ಜ್‌ಹಾಗ್‌ಗಳ (ಮೈಮೇಲೆ ಮುಳ್ಳಿರುವ ಪುಟ್ಟ ಪ್ರಾಣಿ) ಸಂತತಿ. ರೈತ ಎಷ್ಟೇ ನಿಯಮ ಪಾಲಿಸಿ ಬೀಳು ಬಿಟ್ಟರೂ ರಾತ್ರಿ ಗೂಡಿಗೆ ಬರುವ ಹೆಡ್ಜ್‌ಹಾಗನ್ನು ಸಬ್ಸಿಡಿ ತಡೆಯುವುದಿಲ್ಲ.

ಕ್ರಾಫ್ಟರ್‌ಗೆ ಹಣ ಸಿಗಬಾರದು ಎನ್ನುವುದು ನನ್ನ ವಾದವಲ್ಲ. ದ್ವೀಪದಲ್ಲಿ ಜನ ಉಳಿಯಲಿ ಎಂದಾದರೆ ಆ ಕಾರಣವನ್ನೇ ಹೇಳಿ ಕೊಡಿ, ಹಕ್ಕಿಯ ಲೆಕ್ಕಕ್ಕೆ ಬರೆಯಬೇಡಿ. ಹಕ್ಕಿಗಾಗಿಯೇ ಕೊಡುವುದಾದರೆ ಐರ್ಲೆಂಡಿನ ಬರೆನ್ ಸುಣ್ಣಕಲ್ಲಿನ ನಾಡಿನಲ್ಲಿ ಮಾಡಿದಂತೆ ಮಾಡಿ. ಅಲ್ಲಿ ಪರಿಶೀಲಕರು ಹುಲ್ಲುಗಾವಲಿಗೆ ಇಳಿದು, ಅದು ಹೇಗಿದೆ ಎಂದು ನೋಡಿ ಹತ್ತಕ್ಕೆ ಇಷ್ಟು ಅಂಕ ಎಂದು ಕೊಡುತ್ತಾರೆ. ಅಂಕ ಏರಿದರೆ ಹಣ ಏರುತ್ತದೆ, ಅಂಕ ತೀರಾ ಕಡಿಮೆಯಾದರೆ ಹಣವೇ ಇಲ್ಲ. ಯಾವ ತಾರೀಖಿಗೆ ದನ ಬಿಡಬೇಕು ಎಂಬುದನ್ನು ರೈತನೇ ತೀರ್ಮಾನಿಸುತ್ತಾನೆ. ಹೆಬ್ರಿಡೀಸ್‌ನ ಅರ್ಜಿ ನಮೂನೆಯಲ್ಲಿ ಇನ್ನೂ ತಾರೀಖಿನದೇ ಕಾರುಬಾರು.