ಪೆರಿಟೊ ಮೊರೆನೊಗೆ ಚಳಿಗಾಲದಲ್ಲೇ ಹೋಗಿ

"ಜೂನ್‌ನಲ್ಲಾ? ಆಗ ಅಲ್ಲಿ ಏನೂ ಇರಲ್ಲ, ಸುಮ್ನೆ ದುಡ್ಡು ದಂಡ" ಅಂದಿದ್ದರು ಟ್ರಾವೆಲ್ ಏಜೆಂಟ್. ನಮಗೆ ರಜೆ ಸಿಕ್ಕಿದ್ದೇ ಆಗ. ನಾನೂ ತಂಗಿಯೂ ಹೊರಟೇಬಿಟ್ಟೆವು, ಅರ್ಜೆಂಟೀನಾದ ಪೆರಿಟೊ ಮೊರೆನೊ ಹಿಮನದಿ ನೋಡಲು. ನೋಡಿ ಬಂದ ಮೇಲೆ ಹೇಳುತ್ತಿದ್ದೇನೆ, ಅಲ್ಲಿಗೆ ಹೋಗುವುದಾದರೆ ಚಳಿಗಾಲದಲ್ಲೇ ಹೋಗಿ.

ಭೂಮಿಯ ಆ ಭಾಗದಲ್ಲಿ ಜೂನ್ ಅಂದರೆ ಕೊರೆಯುವ ಚಳಿ. ಎಲ್ ಕಲಾಫಾತೆ ಊರಿನಿಂದ ಬಸ್ ಹೊರಟಾಗ ಬೆಳಿಗ್ಗೆ 9 ಗಂಟೆ, ಹೊರಗೆ ಇನ್ನೂ ಕತ್ತಲೆ. ಸುಮಾರು 80 ಕಿ.ಮೀ. ದಾರಿ, ಅರ್ಧಕ್ಕಿಂತ ಜಾಸ್ತಿ ಸೀಟು ಖಾಲಿ. ದಿನವಿಡೀ ಐಸ್ ಮೇಲೆ ನಡೆಸುವ ದೊಡ್ಡ ಟ್ರೆಕ್ ಈ ತಿಂಗಳುಗಳಲ್ಲಿ ಇರುವುದಿಲ್ಲ. ಅದು ನಿಜವಾದ ನಷ್ಟವೇ. ಅದಕ್ಕಾಗಿಯೇ ಹೋಗುವವರು ಬೇಸಿಗೆಗೆ ಕಾಯಬೇಕು.

ಆದರೆ ಎದುರಿನ ಗುಡ್ಡದ ಮೇಲೆ ಕಟ್ಟಿರುವ ಕಾಲುದಾರಿಗಳು ತೆರೆದಿದ್ದವು. ಅಲ್ಲಿ ನಿಂತರೆ ಮುಂದೆ ಸುಮಾರು 5 ಕಿ.ಮೀ. ಅಗಲದ ಐಸ್ ಗೋಡೆ, ಸರೋವರದ ನೀರಿನಿಂದ 60 ಮೀಟರ್‌ನಷ್ಟು ಎತ್ತರ. ಬಿರುಕುಗಳ ಒಳಗೆಲ್ಲ ನೀಲಿ. ವರ್ಷಗಟ್ಟಲೆ ಬಿದ್ದ ಹಿಮ ತನ್ನದೇ ಭಾರಕ್ಕೆ ಅದುಮಿಕೊಂಡು, ಒಳಗಿನ ಗಾಳಿಯೆಲ್ಲ ಹೊರಹೋಗಿ ಗಟ್ಟಿಯಾಗುತ್ತದೆ. ಅಂಥ ಐಸ್ ಬೆಳಕಿನ ಕೆಂಪನ್ನು ನುಂಗುತ್ತದೆ, ಉಳಿಯುವುದು ನೀಲಿ.

ನೀಲಿ ಬಣ್ಣ ಫೋಟೋದಲ್ಲೂ ಸಿಗುತ್ತದೆ. ಸಿಗದಿರುವುದು ಸದ್ದು.

ಸುತ್ತ ಒಬ್ಬರೂ ಇರಲಿಲ್ಲ. ಕಂಬಿಯ ಮೇಲೆ ಮಂಜಿನ ಹರಳು ಕೂತಿತ್ತು. ಮೊದಲು ಚಟ್ ಚಟ್ ಅಂತ ಸಣ್ಣ ಸದ್ದು, ಒಣಕಡ್ಡಿ ಮುರಿದ ಹಾಗೆ. ಆಮೇಲೆ ಎಲ್ಲೋ ಆಳದಲ್ಲಿ ಗುಡುಗು. ತಂಗಿ ನನ್ನ ತೋಳು ಹಿಡಿದು, "ಅಕ್ಕಾ, ಅಲ್ಲಿ ನೋಡು" ಅಂದಳು. ಗೋಡೆಯಿಂದ ಒಂದು ದೊಡ್ಡ ಚೂರು ಕಳಚಿ ಕೆಳಗೆ ಜಾರುತ್ತಿತ್ತು, ಸದ್ದೇ ಇಲ್ಲದೆ. ಅದು ನೀರು ಮುಟ್ಟಿದ ಮೇಲೆ ನಮಗೆ ಕೇಳಿಸಿತು. ಆ ಒಂದೆರಡು ಕ್ಷಣ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ನೂರಾರು ಜನರ ಮಾತಿನ ನಡುವೆ ನಿಂತಿದ್ದರೆ ಆ ಚಟ್ ಚಟ್ ಕಿವಿಗೆ ಬೀಳುತ್ತಿತ್ತಾ?

ಹಿಮನದಿ ಅನ್ನುವ ಮಾತು ಎಷ್ಟು ಸರಿ ಅಂತ ಆಗ ಅರ್ಥವಾಯಿತು. ಗೋಡೆಯ ಹಾಗೆ ಕಂಡರೂ ಇದು ಹರಿಯುತ್ತಲೇ ಇರುತ್ತದೆ, ನಡುಭಾಗದಲ್ಲಿ ದಿನಕ್ಕೆ ಸುಮಾರು 2 ಮೀಟರ್. ಕೆಲವೊಮ್ಮೆ ಮುಂದೆ ಬಂದು ಎದುರಿನ ದಡಕ್ಕೇ ತಾಗಿ ಸರೋವರದ ಒಂದು ಕವಲನ್ನು ಕಟ್ಟಿಹಾಕುತ್ತದೆ. ಆ ಕಡೆ ನೀರು ಏರುತ್ತಾ ಹೋಗಿ, ಐಸ್ ಅಡಿಯಲ್ಲಿ ಸುರಂಗ ಕೊರೆದು, ಕೊನೆಗೆ ಮೇಲಿನ ಕಮಾನು ಕುಸಿಯುತ್ತದೆ. ಅದನ್ನು ನೋಡಲೆಂದೇ ಜನ ಕಾಯುತ್ತಾರೆ. 2008ರಲ್ಲಿ ಅದು ಕುಸಿದದ್ದು ಜುಲೈನಲ್ಲಿ, ನಟ್ಟನಡು ಚಳಿಗಾಲದಲ್ಲಿ!

ಸುತ್ತಲಿನ ಎಷ್ಟೋ ಹಿಮನದಿಗಳು ಕರಗಿ ಹಿಂದೆ ಸರಿದರೂ ಇದು ದಶಕಗಳ ಕಾಲ ಹೆಚ್ಚುಕಡಿಮೆ ಇದ್ದ ಜಾಗದಲ್ಲೇ ಇತ್ತು. ಈಚಿನ ವರ್ಷಗಳಲ್ಲಿ ಇದೂ ಹಿಂದೆ ಸರಿಯುತ್ತಿದೆ. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೋಗಬೇಕು ಅಂತ ಮನಸ್ಸಿದ್ದವರು ತುಂಬಾ ಮುಂದೂಡಬೇಡಿ. ದಪ್ಪ ಕೋಟು, ಕೈಗವಸು, ಉಣ್ಣೆ ಟೋಪಿ ಇಟ್ಟುಕೊಳ್ಳಿ. ಒಂದೇ ಕಡೆ ಕನಿಷ್ಠ ಒಂದು ಗಂಟೆ ಸುಮ್ಮನೆ ನಿಲ್ಲಿ. ನಾವು ಮೂರು ಗಂಟೆ ನಿಂತಿದ್ದೆವು, ಸಾಕಾಗಲಿಲ್ಲ.